ನಿಮ್ ಫುಟ್ಬಾಲ್ ಹೀರೋ ರಿಟೈರ್ ಆಗೋ ಟೈಮ್ ಬಂತಾ? ನೋಡೋದ್ ಹೇಗೆ ಅಂದ್ರೆ

ಹಾಸನದಲ್ಲಿ ಟೀ ಅಂಗಡಿ ಮುಂದೆ ಫುಟ್ಬಾಲ್ ಮಾತು ಬಂತು ಅಂದ್ರೆ ಇಂಡಿಯಾಗೆ ಗೋಲ್ ಹೊಡ್ದು ಹೆಸರಾದ ಸ್ಟ್ರೈಕರ್ ಸುನಿಲ್ ಛೆಟ್ರಿ ಆಡಿದ್ದು ಸಾಕು ಅಂತ ಒಬ್ಬ, ಇನ್ನೂ ಎರಡು ಸೀಸನ್ ಆಡ್ಲಿ ಬಿಡೋ ಅಂತ ಇನ್ನೊಬ್ಬ, ಇಬ್ರೂ ವಯಸ್ಸು ಬಿಟ್ಟು ಬೇರೇನೂ ನೋಡಿರಲ್ಲ. ಬರೀ ವಯಸ್ಸು ಹಿಡ್ಕೊಂಡ್ರೆ ಆಗಲ್ಲ ಗುರು, ಆ ಮನುಷ್ಯ 40 ತುಂಬಿದ್ಮೇಲೆ 2024-25ರ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಬೆಂಗಳೂರು ಕ್ಲಬ್ ಬಿಎಫ್‌ಸಿಗೆ 14 ಗೋಲ್ ಹೊಡ್ದಿದಾರೆ.

ಮೊದ್ಲು ಗೋಲ್ ಲೆಕ್ಕ ಬಿಡಿ. ಪೆನಾಲ್ಟಿ ಹೊಡ್ದು ಲೆಕ್ಕ ತುಂಬಿಸ್ಬೋದು, ಹಂಗಾಗಿ ಬಾಲ್ ಅವ್ರ ಹತ್ರ ಇಲ್ಲದಾಗ ಏನ್ ಮಾಡ್ತಾರೆ ಅದನ್ನ ನೋಡಿ. ಎದುರು ಟೀಮ್ ಬಾಲ್ ಕಿತ್ಕೊಂಡ ತಕ್ಷಣ ತಿರುಗಿ ಓಡ್ತಾರಾ, ಇಲ್ಲ ಸೊಂಟದ ಮೇಲೆ ಕೈ ಇಟ್ಕೊಂಡು ನಿಲ್ತಾರಾ? ಅದ್ರಲ್ಲೂ 60 ನಿಮಿಷ ಆದ್ಮೇಲೆ. ಒಂದು ಮ್ಯಾಚ್ ನೋಡಿ ತೀರ್ಪು ಕೊಡ್ಬೇಡಿ, ಐದಾರು ನೋಡಿ. ಟೀವಿ ಕ್ಯಾಮೆರಾ ಬಾಲ್ ಹಿಂದೇನೇ ಹೋಗುತ್ತೆ, ಅದಕ್ಕೇ ಒಂದ್ಸಲನಾದ್ರೂ ಬೆಳಿಗ್ಗೆ ಟ್ರೈನ್ ಹತ್ಕೊಂಡು ಬೆಂಗಳೂರಿನ ಕಂಠೀರವ ಸ್ಟೇಡಿಯಂಗೆ ಹೋಗಿ, ಮೇಲಿನ ಸೀಟಲ್ಲಿ ಕೂತು ಬಾಲ್ ಮರೆತು ಆ ಒಬ್ರನ್ನೇ ನೋಡಿ, ಪಕ್ಕದೋರು ಹುಚ್ಚ ಅಂದ್ಕೊಂಡ್ರೂ ಪರ್ವಾಗಿಲ್ಲ.

ಆಮೇಲೆ ಪೊಸಿಷನ್. ಮೈದಾನದ ಅಂಚಲ್ಲಿ ಓಡಿ ಆಡೋ ವಿಂಗರ್‌ಗೆ ಸ್ಪೀಡ್ ಹೋಯ್ತು ಅಂದ್ರೆ ಅರ್ಧ ಆಟ ಹೋಯ್ತು, ಗೋಲ್‌ಕೀಪರ್‌ಗೆ ಹಂಗಲ್ಲ, ಇಟಲಿಯ ಗೋಲ್‌ಕೀಪರ್ ಬುಫಾನ್ 2023ರಲ್ಲಿ ಆಟ ಬಿಟ್ಟಾಗ ವಯಸ್ಸು 45. ಅದೇ ಇಟಲಿಯ ಡಿಫೆಂಡರ್ ಮಾಲ್ಡಿನಿ 40ರವರೆಗೆ ಆಡಿದ್ರು, ಎಲ್ಲಿ ನಿಂತ್ಕೋಬೇಕು ಅಂತ ಗೊತ್ತಿದ್ರೆ ಜಾಸ್ತಿ ಓಡೋದೇ ಬೇಡ.

ಮುಖ್ಯವಾದ್ದು ಇನ್ನೊಂದಿದೆ, ಒಬ್ಬರಿಗೋಸ್ಕರ ಮಿಕ್ಕ ಹತ್ತು ಜನ ಆಟ ಬದಲಾಯಿಸ್ಕೋತಿದಾರಾ? 2022ರ ವರ್ಲ್ಡ್ ಕಪ್‌ನಲ್ಲಿ ಸ್ವಿಟ್ಜರ್ಲೆಂಡ್ ಎದುರು ಪೋರ್ಚುಗಲ್ ಕೋಚ್ ರೊನಾಲ್ಡೋನ ಬೆಂಚಲ್ಲಿ ಕೂರಿಸಿದ್ರು, ಬದಲಿಗೆ ಬಂದ ರಾಮೋಸ್ ಹ್ಯಾಟ್ರಿಕ್ ಹೊಡ್ದ, 6-1. ಅಷ್ಟಕ್ಕೇ ರೊನಾಲ್ಡೋ ಮುಗಿದ ಅನ್ನೋಕಾಗಲ್ಲ, ಮುಂದಿನ ಮ್ಯಾಚಲ್ಲಿ ಮೊರಾಕೊ ಎದುರು ಅದೇ ರಾಮೋಸ್ ಇದ್ರೂ ಪೋರ್ಚುಗಲ್ ಸೋತು ಮನೆಗೆ ಹೋಯ್ತು.

ದೇಶ ಬೇರೆ, ಕ್ಲಬ್ ಬೇರೆ. ಎರಡನ್ನೂ ಒಂದೇ ದಿನ ಬಿಡ್ಬೇಕು ಅಂತೇನಿಲ್ಲ, ನನ್ ಪ್ರಕಾರ ಮೊದ್ಲು ದೇಶದ ಟೀಮ್ ಬಿಡೋದೇ ಸರಿ, ಓಡಾಟ ಕಮ್ಮಿ ಆಗುತ್ತೆ, ಮೈಗೆ ರೆಸ್ಟ್ ಸಿಗುತ್ತೆ. ಜರ್ಮನಿಯ ಲಾಮ್ 2014ರಲ್ಲಿ ವರ್ಲ್ಡ್ ಕಪ್ ಗೆದ್ದ ಕೂಡ್ಲೇ ದೇಶಕ್ಕೆ ಆಡೋದು ಬಿಟ್ರು, 2017ರಲ್ಲಿ ತಮ್ಮ ಕ್ಲಬ್ ಬಯರ್ನ್ ಮ್ಯೂನಿಕ್ ಕಾಂಟ್ರಾಕ್ಟ್ ಇನ್ನೂ ಒಂದ್ ವರ್ಷ ಇದ್ದಾಗ್ಲೇ ಅದನ್ನೂ ಬಿಟ್ರು. ಛೆಟ್ರಿ 2024ರ ಜೂನ್‌ನಲ್ಲಿ ಕೋಲ್ಕತ್ತಾದಲ್ಲಿ ಕುವೈತ್ ಮ್ಯಾಚ್ ಆಡಿ ಇಂಡಿಯಾ ಜೆರ್ಸಿ ಬಿಚ್ಚಿಟ್ರು, 2025ರ ಮಾರ್ಚ್‌ನಲ್ಲಿ ವಾಪಸ್ ಬಂದು ಮಾಲ್ಡೀವ್ಸ್ ಮೇಲೆ ಗೋಲೂ ಹೊಡ್ದ್ರು. ಅದಕ್ಕೆ ಅವ್ರನ್ನ ಬೈಯೋರು ಇದಾರೆ, ನಾನಂತೂ ಬೈಯಲ್ಲ, ಇಷ್ಟು ವರ್ಷದಲ್ಲಿ ಇನ್ನೊಬ್ಬ ಸ್ಟ್ರೈಕರ್‌ನ ರೆಡಿ ಮಾಡದೇ ಇದ್ದಿದ್ದು ಯಾರ ತಪ್ಪು?

ಇಷ್ಟೆಲ್ಲ ನೋಡಿನೂ ಡೌಟ್ ಇದ್ರೆ, ಕೋಚ್ ಬೆಂಚಿಂದ ಎಬ್ಬಿಸಿ ಕೊನೇ 20 ನಿಮಿಷಕ್ಕೆ ಮಾತ್ರ ಮೈದಾನಕ್ಕೆ ಇಳಿಸ್ದಾಗ ನಿಮ್ ಹೀರೋ ಮುಖ ನೋಡಿ. ಸಿಟ್ಟು ಮಾಡ್ಕೊಳ್ದೆ ಬಂದು ಆಡ್ತಿದಾರೆ ಅಂದ್ರೆ ರಿಟೈರ್ ಆಗಿ ಅಂತ ಕೂಗೋದ್ ಬೇಡ, ಇನ್ನೊಂದ್ ಸೀಸನ್ ಸುಮ್ನೆ ನೋಡಿ.