ಕೂಸು ಬಂತು, ಕಾರು ಅದೇ ಉಳಿಯಿತು

ನನ್ನ ಸೀಮಂತದ ದಿನ ಉಡಿ ತುಂಬಿ ಮುಗಿಯುವ ಹೊತ್ತಿಗೆ ಹಜಾರದಲ್ಲಿ ಗಂಡಸರ ಮಾತು ಕಾರಿನ ಮೇಲೆ ಹೊರಳಿತ್ತು. ನಮ್ಮದು 2019ರ ವ್ಯಾಗನ್‌ಆರ್. ಮಾವನವರಿಗೆ ಏಳು ಆಸನದ ಗಾಡಿ ಆಗಬೇಕು, ಎಲ್ಲರೂ ಒಟ್ಟಿಗೆ ಹೋಗಬಹುದು ಎಂಬ ಆಸೆ. ನನ್ನ ಅಣ್ಣನಿಗೆ ಎತ್ತರದ ಎಸ್‌ಯುವಿ ಇಷ್ಟ. ಚಿಕ್ಕಮ್ಮ ಮಾತ್ರ ‘ಕೂಸು ಹುಟ್ಟುವ ಮುಂಚೆ ಕುಲಾವಿ ಯಾಕೆ’ ಎಂದು ಒಳಗಿನಿಂದಲೇ ಕೂಗಿದರು. ಆದರೆ ಅಷ್ಟರಲ್ಲಿ ನಾನೂ ನನ್ನ ಗಂಡನೂ ಎರಡು ಷೋರೂಮ್ ನೋಡಿ ಬಂದಾಗಿತ್ತು. ಮುಂದಿನ ಸೋಮವಾರ ಮುಂಗಡ ಕೊಡುವುದೆಂದು ತೀರ್ಮಾನವೂ ಆಗಿತ್ತು.

ಭಾನುವಾರ ರಾತ್ರಿ ನಿದ್ದೆ ಬರಲಿಲ್ಲ. ಏಳನೇ ತಿಂಗಳಲ್ಲಿ ಹೇಗೂ ಸರಿಯಾಗಿ ನಿದ್ದೆ ಬರುವುದಿಲ್ಲ. ಹೊಲಿಗೆ ಪೆಟ್ಟಿಗೆಯಲ್ಲಿದ್ದ ಟೇಪು ಹಿಡಿದುಕೊಂಡು ಕೆಳಗಿನ ಪಾರ್ಕಿಂಗಿಗೆ ಇಳಿದೆ. ಹೊಸ ಗಾಡಿ ನಮ್ಮ ಜಾಗದಲ್ಲಿ ಹಿಡಿಯುತ್ತದೆಯೇ ಎಂದು ನೋಡುವುದಷ್ಟೇ ಉದ್ದೇಶವಾಗಿತ್ತು.

ಬಲಕ್ಕೆ ಗೋಡೆ, ಎಡಕ್ಕೆ ಕಂಬ, ನಡುವೆ 260 ಸೆಂಟಿಮೀಟರ್. ವ್ಯಾಗನ್‌ಆರ್ ಅಗಲ 162 ಸೆಂಟಿಮೀಟರ್. ಉಳಿಯುವ 98ರಲ್ಲಿ ಚಾಲಕ ಇಳಿಯಲು 40 ಬಿಟ್ಟರೆ ಎಡಬದಿಗೆ 58 ಸಿಗುತ್ತದೆ, ಅಂದರೆ ಹತ್ತಿರ ಹತ್ತಿರ ಎರಡು ಅಡಿ. ನಾವು ನೋಡಿ ಬಂದಿದ್ದ ಎಸ್‌ಯುವಿಯ ಅಗಲ 179. ಅದೇ ಲೆಕ್ಕದಲ್ಲಿ ಎಡಕ್ಕೆ ಉಳಿಯುವುದು 41. ಹಿಂದಿನ ಬಾಗಿಲನ್ನು ಅಷ್ಟೇ ತೆರೆದು, ಒಳಗೆ ಮಗುವನ್ನು ಇಳಿಸುವವಳ ಹಾಗೆ ಬಾಗಿ ನೋಡಿದೆ. ಕೈಯಲ್ಲಿ ಮಗುವಿನ ಬದಲು ಒಂದು ದಿಂಬು ಇತ್ತು. ನನ್ನ ಸೊಂಟ ಬಾಗಿಲಿಗೂ ಕಂಬಕ್ಕೂ ನಡುವೆ ಸಿಕ್ಕಿಕೊಂಡಿತು. ಹೊರಗೆ ದೊಡ್ಡದಾದ ಗಾಡಿ, ಮಗುವನ್ನು ಕೂರಿಸಲು ಬೇಕಾದ ಜಾಗವನ್ನೇ ತಿಂದುಹಾಕುತ್ತದೆ ಎಂಬುದು ಆ ದಿಂಬು ಹಿಡಿದು ನಿಂತಾಗ ನನಗೆ ಗೊತ್ತಾಯಿತು. ಸೋಮವಾರ ನಾವು ಮುಂಗಡ ಕೊಡಲಿಲ್ಲ.

ಆಮೇಲೆ ಡಿಕ್ಕಿಯ ವಿಷಯ. ಎಲ್ಲರೂ ಹೆದರಿಸುತ್ತಿದ್ದುದು ಸಾಮಾನಿನ ಹೆಸರು ಹೇಳಿಯೇ. ‘ಮಗುವಿನ ಸಾಮಾನು ಎಷ್ಟಿರುತ್ತದೆ ಗೊತ್ತೇ?’ ಕಂಪನಿಗಳು ಕೊಡುವ ಅಂಕಿಗಳನ್ನೇ ಪಕ್ಕಪಕ್ಕ ಇಟ್ಟು ನೋಡಿದೆ. ವ್ಯಾಗನ್‌ಆರ್ ಡಿಕ್ಕಿ 341 ಲೀಟರ್. ಎಸ್‌ಯುವಿ ಬ್ರೆಝಾದ್ದು 328. ಏಳು ಆಸನದ ಎರ್ಟಿಗಾದಲ್ಲಿ ಮೂರೂ ಸಾಲು ಬಳಸಿದರೆ ಹಿಂದೆ ಉಳಿಯುವುದು 209, ಮೂರನೇ ಸಾಲು ಮಡಚಿದರೆ 550. ಏಳು ಜನರನ್ನು ಕೂರಿಸಿದಾಗ ಏಳು ಜನರ ಚೀಲಕ್ಕೆ ನಮ್ಮ ಸಣ್ಣ ಕಾರಿಗಿಂತ ಕಡಿಮೆ ಜಾಗ. ಚೀಲಕ್ಕೆ ಜಾಗ ಮಾಡಿದರೆ ಅದು ಐದು ಆಸನದ ಗಾಡಿ. ಈ ಮಾತನ್ನು ಮಾವನವರ ಮುಂದೆ ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಬ್ಯಾಂಕಿನಲ್ಲಿದ್ದವರು, ಅಂಕಿಗೆ ಬೆಲೆ ಕೊಡುತ್ತಾರೆ.

ದುಡ್ಡಿನ ಲೆಕ್ಕವನ್ನು ಅವರೇ ಮಾಡಿಕೊಟ್ಟರು. ಹತ್ತು ಲಕ್ಷ ಸಾಲ, ಶೇಕಡ 9 ಬಡ್ಡಿ, ಏಳು ವರ್ಷ: ತಿಂಗಳಿಗೆ ಹದಿನಾರು ಸಾವಿರ ಕಂತು. ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಜೀವಾವಧಿ ತೆರಿಗೆ ಶೇಕಡ 17, ಅದರ ಮೇಲೆ ಸೆಸ್ ಬೇರೆ. ನನಗೆ ಕಾನೂನಿನಂತೆ 26 ವಾರ ಸಂಬಳಸಹಿತ ಹೆರಿಗೆ ರಜೆ ಇತ್ತು. ಅದು ಮುಗಿದ ಮೇಲೆ ಇನ್ನೂ ಮೂರು ತಿಂಗಳು ಸಂಬಳವಿಲ್ಲದೆ ಮನೆಯಲ್ಲಿರಬೇಕೆಂದು ನಾನು ನಿಶ್ಚಯಿಸಿದ್ದೆ. ಆ ಮೂರು ತಿಂಗಳೋ, ಕಾರಿನ ಕಂತೋ ಎಂಬಲ್ಲಿಗೆ ಮಾತು ಬಂದು ನಿಂತಿತು. ನಾನು ಮೂರು ತಿಂಗಳನ್ನು ಆರಿಸಿಕೊಂಡೆ. ಮಗಳು ಮೊದಲ ಸಲ ಅಂಬೆಗಾಲಿಟ್ಟದ್ದು ಆ ರಜೆಯಲ್ಲಿಯೇ, ಅಡುಗೆಮನೆಯ ಹೊಸ್ತಿಲ ಬಳಿ, ನನ್ನ ಕಣ್ಣೆದುರು.

ಕಾರಿಗೆ ಖರ್ಚು ಮಾಡಲಿಲ್ಲವೆಂದರೆ ಏನೂ ಖರ್ಚು ಮಾಡಲಿಲ್ಲವೆಂದಲ್ಲ. ಮಗುವಿಗೆ ನಿಜವಾಗಿ ಬೇಕಾದದ್ದು ಕಾರಿನ ಸೀಟಿಗೆ ಬಿಗಿಯುವ ಮಕ್ಕಳ ಆಸನ. ನಾವು ಹನ್ನೊಂದು ಸಾವಿರ ಕೊಟ್ಟು ತಂದೆವು. ಅದಕ್ಕೂ ಮುಂಚೆ ಆನ್‌ಲೈನಿನಲ್ಲಿ ತರಿಸಿದ ಇನ್ನೊಂದು ಆಸನವನ್ನು ಮರಳಿ ಕಳಿಸಬೇಕಾಯಿತು. ಅದನ್ನು ಹಿಂಮುಖವಾಗಿ, ಅಂದರೆ ಮಗುವಿನ ಮುಖ ಕಾರಿನ ಹಿಂಬದಿಗೆ ಬರುವಂತೆ, ಕೂರಿಸಿದಾಗ ಬೆಲ್ಟು ಬುಡದಿಂದ ಬೆನ್ನು ಸುತ್ತಿ ಬರಬೇಕಿತ್ತು. ಆ ಸುತ್ತು ಎಷ್ಟು ಉದ್ದವಿತ್ತೆಂದರೆ ಬೆಲ್ಟು ಪೂರ್ತಿ ಎಳೆದರೂ ಕೊಂಡಿಗೆ ನಾಲ್ಕು ಬೆರಳು ದೂರ ಉಳಿಯಿತು. ಆದ್ದರಿಂದ ಆಸನ ಕೊಳ್ಳುವವರಿಗೆ ನನ್ನ ವಿನಂತಿ ಇಷ್ಟೇ: ನಿಮ್ಮ ಕಾರಿನಲ್ಲಿಯೇ, ಹಿಂಮುಖವಾಗಿಯೇ, ಬೆಲ್ಟು ಹಾಕಿ ನೋಡಿ ಕೊಳ್ಳಿರಿ. ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಕೊಳ್ಳಬೇಡಿರಿ. ಆಸನದ ಮೇಲೆ ಇಸಿಇ ಆರ್44 ಅಥವಾ ಆರ್129 ಎಂಬ ಸುರಕ್ಷತಾ ಪ್ರಮಾಣದ ಚೀಟಿ, ವೃತ್ತದೊಳಗೆ ‘ಇ’ ಅಕ್ಷರ ಇರುವುದು, ಅಂಟಿದೆಯೇ ಎಂದು ನೋಡಿರಿ.

ಕಾರಿನ ಚೌಕಟ್ಟಿಗೆ ಬೆಸೆದಿರುವ ಎರಡು ಕಂಬಿಗಳಿಗೆ ಕಚ್ಚಿಕೊಳ್ಳುವ ಐಸೋಫಿಕ್ಸ್ ಆಸನ ಸುಲಭ, ತಪ್ಪಾಗುವ ಸಾಧ್ಯತೆ ಕಡಿಮೆ. ನಿಮ್ಮ ಕಾರಿನಲ್ಲಿ ಆ ಕಂಬಿಗಳಿದ್ದರೆ ಅದನ್ನೇ ಕೊಳ್ಳಿರಿ. ನಾವು ಬೆಲ್ಟಿನಿಂದ ಬಿಗಿಯುವ ಆಸನವನ್ನೇ ಬಯಸಿದ್ದಕ್ಕೆ ಕಾರಣವಿತ್ತು. ಅದು ಶಿವಮೊಗ್ಗದಲ್ಲಿ ನನ್ನ ಅಪ್ಪನ ಹಳೆಯ ಕಾರಿಗೂ, ಬಾಡಿಗೆ ಗಾಡಿಗೂ ಹೋಗಬೇಕಿತ್ತು.

ಬಿಗಿಯುವ ಕೆಲಸ ನನ್ನದೇ ಆಯಿತು. ಎಡಬದಿಯ ಹಿಂದಿನ ಸೀಟನ್ನು ಆರಿಸಿದೆವು, ಏಕೆಂದರೆ ರಸ್ತೆಯಲ್ಲಿ ಗಾಡಿ ನಿಲ್ಲಿಸಿದಾಗ ಅದು ಕಾಲುದಾರಿಯ ಕಡೆಗಿರುತ್ತದೆ. ಬೆಲ್ಟನ್ನು ದಾರಿ ತಪ್ಪದಂತೆ ಹಾಯಿಸಿ ಕೊಂಡಿ ಹಾಕಿದ ಮೇಲೆ, ಒಂದು ಕೈಯಿಂದ ಆಸನವನ್ನು ಕೆಳಕ್ಕೆ ಅದುಮಿ ಇನ್ನೊಂದರಿಂದ ಬೆಲ್ಟಿನ ಸಡಿಲನ್ನೆಲ್ಲ ಎಳೆದೆ. ಮೊದಲ ಸಲ ಬಿಗಿಯಾಯಿತೆಂದುಕೊಂಡು ಬೆಲ್ಟು ಹಾಯುವ ಜಾಗದಲ್ಲಿ ಹಿಡಿದು ಅಲುಗಿಸಿದರೆ ಮೂರು ಬೆರಳಿನಷ್ಟು ಸರಿಯಿತು. ಒಂದು ಅಂಗುಲಕ್ಕಿಂತ ಹೆಚ್ಚು ಅಲುಗಬಾರದು. ಎರಡನೇ ಸಲ ಮೊಣಕಾಲೂರಿ ಭಾರ ಹಾಕಿ ಎಳೆದೆ, ಆಗ ನಿಂತಿತು. ವಾಲು ಸುಮಾರು 45 ಡಿಗ್ರಿ ಇರಬೇಕು. ನೆಟ್ಟಗಿದ್ದರೆ ಎಳೆಯ ಮಗುವಿನ ತಲೆ ಎದೆಯ ಮೇಲೆ ಬಾಗಿ ಉಸಿರಿನ ದಾರಿ ಮುಚ್ಚಿಕೊಳ್ಳಬಹುದು. ನಮ್ಮ ಸೀಟಿನ ಇಳಿಜಾರಿಗೆ ಅದು ಸರಿ ಬರಲಿಲ್ಲ. ಆಸನದ ಕೈಪಿಡಿ ಹೇಳಿದಂತೆ ಒಂದು ಟವೆಲನ್ನು ಬಿಗಿಯಾಗಿ ಸುರುಳಿ ಸುತ್ತಿ ಬುಡಕ್ಕೆ ಕೊಟ್ಟ ಮೇಲೆ ಪಕ್ಕದ ಗುರುತಿನ ಗೆರೆ ನೆಲಕ್ಕೆ ಸಮನಾಯಿತು. ಆ ನೀಲಿ ಟವೆಲ್ ಇನ್ನೂ ಕಾರಿನಲ್ಲಿದೆ.

ಸಣ್ಣ ಕಾರು ನಿಜವಾಗಿ ಇಕ್ಕಟ್ಟಾಗುವುದು ಇಲ್ಲಿ. ಹಿಂಮುಖ ಆಸನ ಮುಂದಿನ ಸೀಟಿನ ಬೆನ್ನಿನ ತನಕ ಚಾಚಿಕೊಳ್ಳುತ್ತದೆ. ನನ್ನ ಗಂಡ ಐದು ಅಡಿ ಹನ್ನೊಂದು ಅಂಗುಲ. ಮುಂದೆ ಎಡಗಡೆ ಕೂತರೆ ಅವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತಿತ್ತು. ಆದ್ದರಿಂದ ಅವರು ಓಡಿಸಿದರೆ ನಾನು ಹಿಂದೆ ಮಗಳ ಪಕ್ಕ. ನಾನು ಓಡಿಸಿದರೆ ಅವರು ಹಿಂದೆ. ಐದಡಿ ಎರಡು ಅಂಗುಲದ ನನ್ನ ಅಮ್ಮ ಮುಂದೆ ಎಡಗಡೆ ಆರಾಮವಾಗಿ ಕೂರುತ್ತಾರೆ. ದೊಡ್ಡ ಕಾರು ಕೊಳ್ಳಬೇಕೇ ಬೇಡವೇ ಎಂಬುದನ್ನು ಡಿಕ್ಕಿಗಿಂತ ಹೆಚ್ಚಾಗಿ ತೀರ್ಮಾನಿಸುವುದು ಮನೆಯವರ ಕಾಲಿನ ಉದ್ದ. ಇಬ್ಬರೂ ಆರಡಿಯವರಾಗಿದ್ದು, ಹಿಂದೆ ಕೂರಲು ಒಪ್ಪದಿದ್ದರೆ, ನನ್ನ ಉತ್ತರ ಬೇರೆ ಇರುತ್ತಿತ್ತು.

ಒಂದು ಅನುಕೂಲವನ್ನಂತೂ ನಾನು ಮೊದಲೇ ಊಹಿಸಿರಲಿಲ್ಲ. ನನಗೆ ಸಿಸೇರಿಯನ್ ಆಯಿತು. ಹೊಲಿಗೆ ಹಸಿಯಿದ್ದಾಗ ತಗ್ಗಿನ ಕಾರಿಗೆ ಇಳಿಯುವುದೂ ಕಷ್ಟ, ಎತ್ತರದ ಗಾಡಿಗೆ ಕಾಲೆತ್ತಿ ಹತ್ತುವುದೂ ಕಷ್ಟ. ನಮ್ಮ ಕಾರಿನ ಸೀಟು ನನ್ನ ಸೊಂಟದ ಮಟ್ಟಕ್ಕೇ ಇದೆ, ಕುರ್ಚಿಗೆ ಕೂತಂತೆ ಕೂತು ಕಾಲು ಒಳಗೆ ತಿರುಗಿಸಿಕೊಂಡರಾಯಿತು. ಮಾಡು ಎತ್ತರವಿರುವುದರಿಂದ ಮಗುವನ್ನು ಒಳಗಿಡಲು ಬೆನ್ನು ಬಹಳ ಬಗ್ಗಿಸಬೇಕಾಗಲಿಲ್ಲ. ಆರನೇ ವಾರದ ಲಸಿಕೆಗೆ ನಾನೇ ಅವಳನ್ನು ಆಸನದಲ್ಲಿ ಮಲಗಿಸಿದೆ.

ಅದಕ್ಕಿಂತ ಕಷ್ಟವಾದದ್ದು ಹಿರಿಯರನ್ನು ಒಪ್ಪಿಸುವುದು. ಆಸ್ಪತ್ರೆಯಿಂದ ಮನೆಗೆ ಹೊರಟಾಗ ಅಮ್ಮ ಮಗುವನ್ನು ಬಿಳಿ ಪಂಚೆಯಲ್ಲಿ ಸುತ್ತಿ ಎದೆಗೊತ್ತಿಕೊಂಡು ನಿಂತಿದ್ದರು. ‘ಹಸುಗೂಸನ್ನು ಪ್ಲಾಸ್ಟಿಕ್ ತೊಟ್ಟಿಗೆ ಕಟ್ಟುತ್ತೀಯಾ? ಮಡಿಲಿಗಿಂತ ಭದ್ರವಾದದ್ದು ಯಾವುದಿದೆ?’ ನಡೆಯುವಾಗ, ಮಲಗುವಾಗ ಆ ಮಾತು ನಿಜ. ಆದರೆ ಗಂಟೆಗೆ 50 ಕಿಲೋಮೀಟರ್ ವೇಗದ ಗಾಡಿ ಡಿಕ್ಕಿಯಾಗಿ ಥಟ್ಟನೆ ನಿಂತ ಕ್ಷಣದಲ್ಲಿ ಐದು ಕಿಲೋದ ಮಗು ಕೈಗಳಿಗೆ ನೂರು ಕಿಲೋದ ಆಸುಪಾಸಿನ ಭಾರವಾಗುತ್ತದೆ. ಯಾವ ತಾಯಿಯ ಕೈಯೂ ಅದನ್ನು ಹಿಡಿಯಲಾರದು. ಎಳೆ ಮಗುವಿಗೆ ಮೈಯ ಅಳತೆಗೆ ಹೋಲಿಸಿದರೆ ತಲೆ ಭಾರ, ಕತ್ತಿಗೆ ಬಲವಿಲ್ಲ. ಹಿಂಮುಖವಾಗಿದ್ದರೆ ಆ ಹೊಡೆತವನ್ನು ಆಸನದ ಬೆನ್ನು ತೆಗೆದುಕೊಳ್ಳುತ್ತದೆ. ಇದನ್ನು ಅಮ್ಮನಿಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ, ಕಣ್ಣಲ್ಲಿ ನೀರು ತುಂಬಿಕೊಂಡೇ ಹೇಳಿದೆ. ಅವರು ಪಂಚೆ ಬಿಚ್ಚಿಕೊಟ್ಟರು. ಮಗುವನ್ನು ಆಸನಕ್ಕೆ ಕಟ್ಟುವ ಪಟ್ಟಿಯ ಕೆಳಗೆ ದಪ್ಪ ಬಟ್ಟೆ ಇರಬಾರದು, ಇದ್ದರೆ ಬಿಗಿಯಾದಂತೆ ಕಂಡರೂ ಒಳಗೆ ಸಡಿಲು ಉಳಿಯುತ್ತದೆ. ಮೊದಲು ಪಟ್ಟಿ ಹಾಕಿ, ಭುಜದ ಮೇಲೆ ಅದು ಎರಡು ಬೆರಳಲ್ಲಿ ಚಿವುಟಲು ಸಿಗದಷ್ಟು ಬಿಗಿ ಮಾಡಿ, ಆಮೇಲೆ ಅದೇ ಪಂಚೆಯನ್ನು ಮೇಲೆ ಹೊದಿಸಿದೆವು. ಕುಲಾವಿ ತಲೆಯ ಮೇಲೇ ಇತ್ತು.

2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಡಿ 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟು ಅಥವಾ ಮಕ್ಕಳ ಆಸನವಿಲ್ಲದೆ ಒಯ್ದರೆ ಸಾವಿರ ರೂಪಾಯಿ ದಂಡವಿದೆ. ಆದರೂ ಸನ್‌ರೂಫಿನಿಂದ ತಲೆ ಹೊರಹಾಕಿ ನಿಂತ ಮಕ್ಕಳನ್ನು ಹೆದ್ದಾರಿಯಲ್ಲಿ ನೋಡುತ್ತಲೇ ಇರುತ್ತೇನೆ. ಹದಿನೈದು ಲಕ್ಷದ ಗಾಡಿ ಕೊಂಡವರು ಹತ್ತು ಸಾವಿರದ ಆಸನ ಬೇಡವೆನ್ನುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಮೂರನೇ ತಿಂಗಳಲ್ಲಿ ತವರಿಗೆ ಹೊರಟೆವು. ಬೆಂಗಳೂರಿನಿಂದ ಶಿವಮೊಗ್ಗ ಸುಮಾರು 300 ಕಿಲೋಮೀಟರ್. ಡಿಕ್ಕಿಯಲ್ಲಿ ಎರಡು ಬಟ್ಟೆ ಚೀಲ, ಬಾಣಂತನದ ಎಣ್ಣೆ ಡಬ್ಬಿ, ಅಂಟಿನ ಉಂಡೆಯ ಸ್ಟೀಲ್ ಡಬ್ಬಿ, ಲಂಗೋಟಿಗಳ ಗಂಟು. ಅಣ್ಣ ಉಡುಗೊರೆ ಕೊಟ್ಟ ದೊಡ್ಡ ಸ್ಟ್ರಾಲರ್ ಮಾತ್ರ ಚಕ್ರ ಬಿಚ್ಚದೆ ಒಳಗೆ ಹೋಗಲಿಲ್ಲ, ಮನೆಯಲ್ಲೇ ಬಿಟ್ಟೆವು. ನಮ್ಮ ಬೀದಿಯ ಕಾಲುದಾರಿಯಲ್ಲೂ ಅದು ಹತ್ತು ಹೆಜ್ಜೆ ಉರುಳಿರಲಿಲ್ಲ. ಎದೆಗೆ ಕಟ್ಟಿಕೊಳ್ಳುವ ಜೋಳಿಗೆ ಎಲ್ಲ ಕಡೆ ಸಾಕಾಯಿತು. ಮಲಗಲು ಅಜ್ಜಿಯ ಹಳೆಯ ಹತ್ತಿ ಸೀರೆಯ ಜೋಲಿ ಅಲ್ಲಿ ತೊಲೆಗೆ ಕಟ್ಟಿ ಸಿದ್ಧವಾಗಿತ್ತು.

ಎಳೆ ಮಗು ಆಸನದಲ್ಲಿ ಬಹಳ ಹೊತ್ತು ಒಂದೇ ಭಂಗಿಯಲ್ಲಿ ಇರಬಾರದು. ಎರಡು ಗಂಟೆ ಮೀರುವಂತಿಲ್ಲ ಎಂದುಕೊಂಡಿದ್ದೆವು, ನಿಜದಲ್ಲಿ ಒಂದೂವರೆ ಗಂಟೆಗೊಮ್ಮೆ ನಿಂತೆವು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ಅವಳಿಗೆ ಹಾಲು. ತಿಪಟೂರು ದಾಟಿ ತೆಂಗಿನ ತೋಟದ ನೆರಳಲ್ಲಿ ಅರ್ಧ ಗಂಟೆ. ಕಡೂರಿನಲ್ಲಿ ಮತ್ತೊಮ್ಮೆ. ಬೆಳಿಗ್ಗೆ ಆರಕ್ಕೆ ಹೊರಟು ಮಧ್ಯಾಹ್ನ ಎರಡಕ್ಕೆ ಮುಟ್ಟಿದೆವು. ಬಿಸಿಲಲ್ಲಿ ನಿಲ್ಲಿಸಿದಾಗಲೆಲ್ಲ ಆಸನದ ಲೋಹದ ಕೊಂಡಿ ಕಾಯುತ್ತದೆ, ಅದರ ಮೇಲೆ ಒದ್ದೆ ಕರವಸ್ತ್ರ ಹಾಕಿ ಹೋಗುವ ಅಭ್ಯಾಸ ಮಾಡಿಕೊಂಡೆ.

ಜಾಗ ಸಾಲದೇ ಹೋದ ದಿನಗಳೂ ಇವೆ. ಗೋಡೆಯ ಕ್ಯಾಲೆಂಡರಿನಲ್ಲಿ ಅವಕ್ಕೆ ಕೆಂಪು ಸುತ್ತು ಹಾಕುತ್ತಾ ಬಂದೆ. ಮೊದಲ ವರ್ಷದಲ್ಲಿ ಐದು ಸುತ್ತು. ಮಕ್ಕಳ ಆಸನ ಇದ್ದ ಮೇಲೆ ಹಿಂದೆ ದೊಡ್ಡವರಿಬ್ಬರು ಕೂರುವುದು ಕಷ್ಟವೇ. ಅತ್ತೆ, ಮಾವ ಇಬ್ಬರೂ ಬಂದರೆ ಒಬ್ಬರ ಭುಜ ಆಸನದ ಅಂಚಿಗೆ ಒತ್ತುತ್ತದೆ. ಎರಡು ಸಲ ಮಾವನವರು ತಾವಾಗಿಯೇ ಜನಶತಾಬ್ದಿ ರೈಲಿನಲ್ಲಿ ಶಿವಮೊಗ್ಗಕ್ಕೆ ಬಂದರು. ಮುಡಿ ಕೊಡಲು ಧರ್ಮಸ್ಥಳಕ್ಕೆ ಆರು ಜನ ಹೊರಟಾಗ ಏಳು ಆಸನದ ಬಾಡಿಗೆ ಗಾಡಿ ತೆಗೆದುಕೊಂಡೆವು. ಎರಡು ದಿನಕ್ಕೆ ಟೋಲ್, ಚಾಲಕರ ಭತ್ಯೆ ಎಲ್ಲ ಸೇರಿ ಹದಿಮೂರು ಸಾವಿರ. ನಮ್ಮ ಆಸನವನ್ನು ಅದರ ನಡುವಿನ ಸಾಲಿಗೆ ಬಿಗಿದೆ. ಆಗ ಆ ಬದಿಯ ಸೀಟು ಮಡಚಲು ಬರಲಿಲ್ಲ, ಹಿಂದಿನ ಸಾಲಿಗೆ ಹೋಗುವವರು ಪ್ರತಿ ಸಲವೂ ರಸ್ತೆಯ ಕಡೆಯಿಂದ ಸುತ್ತಿ ಹತ್ತಬೇಕಾಯಿತು. ಅತ್ತೆಯವರ ಮಂಡಿಗೆ ಅದು ಆಗದ ಕೆಲಸ. ಅವರು ಮುಂದೆ ಕೂತರು.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾದಾಗ ಮನೆಯಲ್ಲಿ ಮತ್ತೆ ಮಾತೆದ್ದಿತು. ನಾಲ್ಕು ಮೀಟರಿನೊಳಗಿನ, 1200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ಶೇಕಡ 18, ಅದಕ್ಕಿಂತ ದೊಡ್ಡದಕ್ಕೆ 40. ಎರಡೂ ಮೊದಲಿಗಿಂತ ಕಡಿಮೆಯೇ. ಈ ಸಲ ಟೇಪು ಹಿಡಿದು ಪಾರ್ಕಿಂಗಿಗೆ ಇಳಿದವರು ಮಾವನವರು. ವಾಪಸು ಬಂದು, ಕಂಬ ಇನ್ನೂ ಅಲ್ಲೇ ಇದೆ ಎಂದರು.

ಮಗಳಿಗೆ ಈಗ ಹತ್ತು ಕಿಲೋ ಇನ್ನೂರು ಗ್ರಾಂ. ಆಸನದ ಹಿಂಮುಖ ಮಿತಿ 13 ಕಿಲೋ. ಕಾಲು ಮಡಚಿ ಸೀಟಿನ ಬೆನ್ನಿಗೆ ಊರಿಕೊಂಡು, ಹಿಂದಿನ ಗಾಜಿನಲ್ಲಿ ಬರುವ ಲಾರಿಗಳನ್ನು ಎಣಿಸುವವಳಂತೆ ನೋಡುತ್ತಾಳೆ. ಇದಾದ ಮೇಲೆ ಕೊಳ್ಳುವ ಆಸನ ಇನ್ನೂ ಎಷ್ಟು ಅಗಲವಿರಬಹುದೆಂದು ಹಿಂದಿನ ಸೀಟನ್ನು ಅಳೆದು, ಆ ಅಂಕಿಯನ್ನು ಲಸಿಕೆ ಕಾರ್ಡಿನ ಹಿಂಬದಿಯಲ್ಲಿ ಬರೆದಿಟ್ಟಿದ್ದೇನೆ.