ಹಳೆ ಕೋಟೆ, ಪಾಗಾರಗಳ ನಕ್ಷೆ ಮಾಡಲು ಹೊರಟವರಿಗೆ

ಕಾಸರಗೋಡಿನ ಕೋಟೆ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಬೇಕಲ. ಆದರೆ ಚಂದ್ರಗಿರಿ, ಹೊಸದುರ್ಗ, ಆರಿಕ್ಕಾಡಿ, ಪೊವ್ವಲ್‌ಗಳಲ್ಲೂ ಕೋಟೆಗಳಿವೆ. ಗುಡ್ಡಗಳ ಸರ್ಕಾರಿ ಜಾಗದಲ್ಲಿ ಬಳ್ಳಿ ಮುಚ್ಚಿದ ಪಾಗಾರ (ಸುತ್ತುಗೋಡೆ), ಬಾವಿ, ಕಟ್ಟೆಗಳೂ ಸಿಗುತ್ತವೆ. ಇವನ್ನೆಲ್ಲ ಅಳೆದು ನಕ್ಷೆಗೆ ಏರಿಸುವ ಇಂಟರ್ನ್‌ಶಿಪ್ಪನ್ನು ನಾನು ಕುಂಬಳೆ ಕಡೆಯ ಒಂದು ಗುಡ್ಡದಲ್ಲಿ ಮಾಡಿದ್ದೆ. ಈಗ ಹೊರಟಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅನುಮತಿ. ಜಾಗ ಯಾರದ್ದು ಅಂತ ಕೇಳಿಕೊಳ್ಳಿ. ಬೇಕಲ ಕೇಂದ್ರ ಪುರಾತತ್ವ ಇಲಾಖೆಯದು, ಚಂದ್ರಗಿರಿ ಕೇರಳ ಪುರಾತತ್ವ ಇಲಾಖೆಯದು, ಕಾಡಾದರೆ ಅರಣ್ಯ ಇಲಾಖೆ. ಅನುಮತಿ ಪತ್ರದ ಪ್ರತಿ ಯಾವಾಗಲೂ ಚೀಲದಲ್ಲಿರಲಿ. ಡ್ರೋನ್ ಬೇಕಿದ್ದರೆ ಅದಕ್ಕೆ ಬೇರೆಯೇ ಅನುಮತಿ. ಅಗೆಯುವುದು, ಕಲ್ಲು ಎತ್ತುವುದು ಬೇಡವೇ ಬೇಡ.

ಆಮೇಲೆ ಹಳೆ ದಾಖಲೆ. ನಮ್ಮ ಊರು 1956ರ ತನಕ ದಕ್ಷಿಣ ಕನ್ನಡದಲ್ಲಿತ್ತು, 1957ರಿಂದ ಕಣ್ಣೂರು ಜಿಲ್ಲೆಗೆ ಸೇರಿತು, ಕಾಸರಗೋಡು ಜಿಲ್ಲೆ ಆದದ್ದು 1984ರಲ್ಲಿ. ಹಾಗಾಗಿ ಒಂದೇ ಕಚೇರಿಯಲ್ಲಿ ಎಲ್ಲವೂ ಸಿಗುತ್ತದೆ ಅಂದುಕೊಳ್ಳಬೇಡಿ. ಮಂಗಳೂರಿನಲ್ಲೂ ವಿಚಾರಿಸಿ.

ಗುಡ್ಡ ಹತ್ತಲು ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆ ಸಮಯ. ಮಳೆಗಾಲದಲ್ಲಿ ಹುಲ್ಲು ಆಳೆತ್ತರ ಇರುತ್ತದೆ, ಕಲ್ಲಿನ ಮೇಲೆ ಪಾಚಿ, ಹಾವಿನ ಭಯ ಬೇರೆ. ಮೊದಲ ದಿನ ಟೇಪು ಹಿಡಿಯದೆ ಸುಮ್ನೆ ಒಂದು ಸುತ್ತು ನಡೆಯಿರಿ. ಎರಡನೇ ಸುತ್ತಿನಲ್ಲಿ ಪ್ರತಿ ಗೋಡೆಗೂ ಬಾವಿಗೂ ಒಂದೊಂದು ನಂಬರ್ ಕೊಡಿ. ಫೋಟೊದಲ್ಲಿ ಆ ನಂಬರಿನ ಚೀಟಿ, ಅಳತೆಯ ಕೋಲು, ಉತ್ತರ ದಿಕ್ಕಿನ ಬಾಣ ಮೂರೂ ಕಾಣಬೇಕು. ನಾನು ಮೊದಲ ದಿನ ಇದ್ಯಾವುದೂ ಇಲ್ಲದೆ ಇನ್ನೂರು ಫೋಟೊ ತೆಗೆದಿದ್ದೆ. ಮನೆಗೆ ಬಂದು ನೋಡಿದರೆ ಎಲ್ಲಾ ಕೆಂಪು ಗೋಡೆಯೂ ಒಂದೇ ಥರ, ಒಂದನ್ನೂ ಬಳಸಲಾಗಲಿಲ್ಲ.

ಫೋನಿನ ಜಿಪಿಎಸ್ ಬಯಲಲ್ಲಿ ಸುಮಾರು ಐದು ಮೀಟರ್ ಆಚೀಚೆ ತೋರಿಸುತ್ತದೆ, ಮರದಡಿ ಇನ್ನೂ ಜಾಸ್ತಿ. ಒಂದು ಮೀಟರ್ ದಪ್ಪದ ಗೋಡೆಗೆ ಅದು ಸಾಲದು ಅಲ್ವಾ? ಅದಕ್ಕೇ ಬಯಲಲ್ಲಿ ಎರಡು ಗೂಟ ಹೊಡೆದು ಅವುಗಳ ನಡುವಿನ ದೂರ ಅಳೆಯಿರಿ, ಮತ್ತೆ ಗೋಡೆಯ ಪ್ರತಿ ಮೂಲೆಗೂ ಎರಡೂ ಗೂಟದಿಂದ ಟೇಪು ಎಳೆಯಿರಿ. ತ್ರಿಕೋನದ ಮೂರು ಬದಿ ಗೊತ್ತಾದರೆ, ಮೂಲೆ ಗೂಟಗಳ ಯಾವ ಪಕ್ಕಕ್ಕಿದೆ ಅಂತ ಬರೆದುಕೊಂಡರೆ ಸಾಕು, ಅದು ಎಲ್ಲಿದೆ ಅಂತ ಸಿಕ್ಕಂತೆಯೇ. ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸಲು ಕ್ಯೂಜಿಐಎಸ್ ಅನ್ನುವ ಸಾಫ್ಟ್‌ವೇರ್ ಬಳಸಿ, ಅದು ಉಚಿತ. ಭೂಮಿಯನ್ನು ವಲಯಗಳಾಗಿ ಹಂಚಿ ಜಾಗ ಗುರುತಿಸುವ ಯುಟಿಎಂ ಪದ್ಧತಿಯಲ್ಲಿ ನಮ್ಮ ಜಿಲ್ಲೆಗೆ 43 ಉತ್ತರ ವಲಯ ಆರಿಸಿದರೆ ಅಳತೆಯೆಲ್ಲ ಮೀಟರಿನಲ್ಲೇ ಬರುತ್ತದೆ.

ಗೋಡೆಯನ್ನು ಹತ್ತಿರದಿಂದ ನೋಡಿ. ಮುರಕಲ್ಲು, ಅಂದರೆ ಇಲ್ಲಿನ ಕೆಂಪು ಜಂಬಿಟ್ಟಿಗೆ, ಕಡಿಯುವಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ನಮ್ಮ ಗುಡ್ಡದ ಗೋಡೆಯೊಂದರಲ್ಲಿ ಕೆಳಗಿನ ಕಲ್ಲುಗಳ ಅಂಚು ಸವೆದು ದುಂಡಾಗಿತ್ತು, ಸಂದಿನಲ್ಲಿ ಜರಿಗಿಡ. ಮೇಲಿನ ನಾಲ್ಕು ಸಾಲು ಮಾತ್ರ ಹರಿತ ಅಂಚಿನವು, ನಡುವೆ ಸಿಮೆಂಟು. ಅಂದರೆ ಅಷ್ಟು ಭಾಗ ಆಮೇಲೆ ಕಟ್ಟಿದ್ದು. ಇಂಥದ್ದನ್ನು ಎರಡು ನಂಬರಾಗಿ ಬರೆಯಿರಿ. ಯಾವ ರಾಜ ಕಟ್ಟಿಸಿದ ಅಂತ ಊಹಿಸಿ ಬರೆಯಬೇಡಿ, ಕಂಡದ್ದನ್ನಷ್ಟೇ ಬರೆಯಿರಿ.

ಗುಡ್ಡದ ಬದಿಯಲ್ಲಿ ತೂತು ಕಂಡರೆ ಯಾರಾದರೂ ಕೋಟೆಯ ಗುಪ್ತ ದಾರಿ ಅನ್ನುತ್ತಾರೆ. ನಮ್ಮ ಕಡೆ ಅದು ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗ ಆಗಿರುವುದೇ ಜಾಸ್ತಿ. ಅದೂ ದಾಖಲಿಸಬೇಕಾದ್ದೇ. ಬಾಯಿಯ ಅಗಲ, ಎತ್ತರ, ನೀರು ಜಿನುಗುತ್ತಿದೆಯೇ ಅಂತ ಬರೆದುಕೊಳ್ಳಿ. ಒಳಗೆ ಮಾತ್ರ ಹೋಗಬೇಡಿ, ಮಣ್ಣು ಕುಸಿಯಬಹುದು, ಉಸಿರಾಡಲು ಗಾಳಿಯೂ ಸಾಲದೆ ಹೋಗಬಹುದು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಹೆಸರು. ನಮಗೆ ಕೊಟ್ಟ ಫಾರಂನಲ್ಲಿ ಹೆಸರಿಗೆ ಒಂದೇ ಕಾಲಂ ಇತ್ತು. ಇಲ್ಲಿ ಅದು ಸಾಲುವುದಿಲ್ಲ. ಕನ್ನಡದ ಹೊಸದುರ್ಗವೇ ಮಲಯಾಳದ ಪುದಿಯಕೋಟ, ಎರಡರ ಅರ್ಥವೂ ಒಂದೇ. ನಾವು ಬಾವಿ ಅಂತ ಬರೆದದ್ದು ಅಲ್ಲಿನವರ ತುಳುವಿನಲ್ಲಿ 'ಕೋಟೆದ ಗುವೆಲ್'. ಒಂದನ್ನು ಇಟ್ಟು ಉಳಿದದ್ದನ್ನು ಬಿಟ್ಟರೆ ಮುಂದೆ ನಕ್ಷೆಯಲ್ಲಿ ಆ ಒಂದೇ ಉಳಿಯುತ್ತದೆ. ಎಷ್ಟು ಹೆಸರಿದೆಯೋ ಅಷ್ಟನ್ನೂ, ಯಾವ ಭಾಷೆಯವರು ಹೇಗೆ ಹೇಳುತ್ತಾರೆ ಅನ್ನುವುದನ್ನೂ ಸೇರಿಸಿ ಬರೆಯಿರಿ. ಕಾಲಂ ಇಲ್ಲದಿದ್ದರೆ ಹಾಳೆ ಅಂಟಿಸಿ.

ನಕ್ಷೆ ಒಪ್ಪಿಸುವ ಮೊದಲು ದೊಡ್ಡದಾಗಿ ಪ್ರಿಂಟ್ ತೆಗೆದು ಊರವರಿಗೆ ತೋರಿಸಿ. ನಾವು ತೋರಿಸಿದಾಗ ಗುಡ್ಡದ ಬುಡದ ಮನೆಯ ಅಜ್ಜಿ ಬಾವಿಯ ಪಕ್ಕ ಬೆರಳಿಟ್ಟು, "ಇಲ್ಲಿ ಮೆಟ್ಟಿಲು ಇತ್ತಲ್ವಾ ಮಗಾ, ನಾವು ಕೊಡಪಾನ ಹೊತ್ತು ಇಳಿಯುತ್ತಿದ್ದೆವು" ಅಂದರು. ಮರುದಿನ ಹೋಗಿ ಬಳ್ಳಿ ಸರಿಸಿ ನೋಡಿದೆವು. ಏಳು ಮೆಟ್ಟಿಲು ಇತ್ತು.