ಎದೆಯ ಎಕ್ಸ್‌ರೇ ಕೈಗೆ ಬಂತು, ನೋಡೋದು ಹೇಗೆ?

ಹೊಳಲ್ಕೆರೆಯ ನಮ್ಮ ದೊಡ್ಡಮ್ಮನಿಗೆ ಕೆಮ್ಮು ಅಂತ ಎಕ್ಸ್‌ರೇ ತೆಗೆಸಿದರು. ಬಲ ಶ್ವಾಸಕೋಶದ ಮೇಲ್ತುದಿಯಲ್ಲಿ ಬೆರಳು ದಪ್ಪದ ಬಿಳಿ ನೆರಳು. ಮನೆಯವರೇ ಟಿಬಿ ಅಂತ ತೀರ್ಮಾನಿಸಿ ಅವರ ತಟ್ಟೆ, ಲೋಟ ಬೇರೆ ಇಟ್ಟರು. ದಾವಣಗೆರೆಯ ಡಾಕ್ಟರು ಮತ್ತೆ ತೆಗೆಸಿದಾಗ ಆ ನೆರಳೇ ಇರಲಿಲ್ಲ. ಅದು ಭುಜದ ಮೇಲೆ ಬಿದ್ದಿದ್ದ ಜಡೆ. ಟಿಬಿ ಆಗಿದ್ದರೂ ಅದು ಹರಡುವುದು ಗಾಳಿಯಿಂದ, ತಟ್ಟೆಯಿಂದಲ್ಲ. ಆ ಹದಿನೈದು ದಿನ ಅವರು ಒಬ್ಬರೇ ಕೂತು ಉಂಡದ್ದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹಾಗಾಗಿ ಮೊದಲ ಹೆಜ್ಜೆ ಎಕ್ಸ್‌ರೇ ರೂಮಿನಲ್ಲೇ ಶುರು. ಜಡೆ ಎತ್ತಿ ತುರುಬು ಕಟ್ಟಿ. ತಾಯಿತ, ಸರ, ಪಿನ್ನು ತೆಗೆಯಿರಿ. ತಾಳಿ ತೆಗೆಯಲು ಮನಸ್ಸಿಲ್ಲದಿದ್ದರೆ ಮೇಲಕ್ಕೆತ್ತಿ ಹಲ್ಲಲ್ಲಿ ಕಚ್ಚಿಕೊಳ್ಳಿ. ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ. "ಉಸಿರು ಹಿಡೀರಿ" ಅಂದಾಗ ಎದೆ ತುಂಬ ಎಳೆದು ಹಿಡಿಯಿರಿ. ಅರ್ಧ ಉಸಿರಿನ ಚಿತ್ರದಲ್ಲಿ ಶ್ವಾಸಕೋಶದ ಬುಡ ಬೆಳ್ಳಗೆ, ಹೃದಯ ದೊಡ್ಡದಾಗಿ ಕಾಣುತ್ತದೆ.

ಫಿಲ್ಮನ್ನು ಹಗಲಲ್ಲಿ ಕಿಟಕಿಗೆ ಹಿಡಿಯಿರಿ. ಎದುರಿಗೆ ಮನುಷ್ಯ ನಿಂತಂತೆ ನೋಡಬೇಕು. ಅವರ ಎಡಗಡೆ ನಿಮ್ಮ ಬಲಕ್ಕೆ, ಹೃದಯದ ನೆರಳು ಹೆಚ್ಚು ಇರುವುದೂ ಆ ಕಡೆಗೇ.

ಈಗ ಎಲ್ಲರೂ ಎಡವುವ ಜಾಗ: ಬಿಳಿ ಕಲೆ. ಗಾಳಿ ಕಪ್ಪಗೆ, ಮೂಳೆ ಬೆಳ್ಳಗೆ ಕಾಣುತ್ತದೆ. ಶ್ವಾಸಕೋಶದಲ್ಲಿ ಬಿಳಿ ಕಂಡರೆ ಗಾಳಿ ಇರಬೇಕಾದಲ್ಲಿ ಬೇರೇನೋ ಇದೆ ಅಂತ, ಅಷ್ಟೇ. ಅದು ನೀರಿರಬಹುದು, ಕೀವಿರಬಹುದು, ಗಡ್ಡೆಯಿರಬಹುದು, ಎಂದೋ ಮಾಯ್ದ ಗಾಯದ ಗುರುತೂ ಇರಬಹುದು. ಎಲ್ಲಿದೆ, ಯಾವ ಆಕಾರ ಅಂತ ನೋಡಿ. ಶ್ವಾಸಕೋಶದ ಕೆಳಮೂಲೆ ಕುಡುಗೋಲಿನ ತುದಿಯಂತೆ ಚೂಪಾಗಿರಬೇಕು. ಅದು ಮುಚ್ಚಿ, ಬಿಳಿ ಅಂಚು ಮೇಲಕ್ಕೆ ಬಾಗಿದ್ದರೆ ನೀರು ತುಂಬಿರುವ ಸೂಚನೆ. ನಿಂತು ತೆಗೆದ ಚಿತ್ರದಲ್ಲಿ ಇದು ಕಾಣಲು ಸುಮಾರು 200 ಮಿ.ಲೀ. ನೀರಾದರೂ ಸೇರಿರಬೇಕು. ಜ್ವರದ ಜೊತೆ ಒಂದು ಕಡೆ ಮೋಡ ಕವಿದಂತಿದ್ದು, ನಡುವೆ ಕಪ್ಪು ಕವಲುಗಳು ಕಂಡರೆ ಹೆಚ್ಚಾಗಿ ನ್ಯುಮೋನಿಯಾ. ಮೇಲ್ಭಾಗದಲ್ಲಿ ಬಿಳಿ, ಅದರೊಳಗೆ ಕಪ್ಪು ತೂತು ಇದ್ದರೆ ಟಿಬಿ ಅನುಮಾನ. ಅನುಮಾನ ಮಾತ್ರ, ಖಚಿತ ಮಾಡುವುದು ಕಫ ಪರೀಕ್ಷೆ. ಎರಡು ವಾರ ಕೆಮ್ಮು ನಿಲ್ಲದಿದ್ದರೆ ಸಿರಪ್ ಬಾಟಲಿ ಬದಲಾಯಿಸುತ್ತಾ ಕೂರಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ, ಟಿಬಿ ಮಾತ್ರೆ ಎರಡೂ ಉಚಿತ.

ಎರಡೂ ಕಡೆ ನವಣೆ ಚೆಲ್ಲಿದಂತೆ ಸಣ್ಣ ಚುಕ್ಕೆ ಇದ್ದರೆ? ಒಂದು ಬಗೆಯ ಟಿಬಿ ಹೀಗೆ ಕಾಣುತ್ತದೆ. ಅದಕ್ಕೆ ಮಿಲಿಯರಿ ಅಂತ ಹೆಸರು ಬಂದದ್ದೇ ಸಿರಿಧಾನ್ಯದ ಕಾಳಿನಿಂದ. ಆದರೆ ಕಲ್ಲಿನ ದೂಳು ಕುಡಿದವರಿಗೆ ಬರುವ ಸಿಲಿಕೋಸಿಸ್‌ನಲ್ಲೂ ಚುಕ್ಕೆಗಳೇ, ಮೇಲ್ಭಾಗದಲ್ಲಿ ಜಾಸ್ತಿ. ಅದಕ್ಕೇ ನಿಮ್ಮ ಕೆಲಸ ಏನು ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಚಿತ್ರದುರ್ಗದ ಗಣಿಯೋ, ಕ್ರಷರೋ, ದಾವಣಗೆರೆಯ ಮಂಡಕ್ಕಿ ಭಟ್ಟಿಯೋ, ಎಷ್ಟು ವರ್ಷ ಅಂತಲೂ ಹೇಳಿ. ಹತ್ತಿ ಮಿಲ್ಲಿನ ದೂಳಿನಿಂದ ಬರುವ ಕಾಯಿಲೆಯಲ್ಲಿ ಎಕ್ಸ್‌ರೇ ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ, ಉಸಿರು ಮಾತ್ರ ಕಟ್ಟುತ್ತದೆ. ಅಂಥವರಿಗೆ ಊದುವ ಪರೀಕ್ಷೆ ಬೇಕು.

ಕಪ್ಪು ಜಾಸ್ತಿ ಇದ್ದರೂ ತೊಂದರೆಯೇ. ಬೀಡಿ, ಒಲೆ ಹೊಗೆಯಿಂದ ಹಾಳಾದ ಶ್ವಾಸಕೋಶ ಉಬ್ಬಿ, ಕೆಳಗಿನ ವಪೆ, ಅಂದರೆ ಎದೆ-ಹೊಟ್ಟೆ ನಡುವಿನ ಸ್ನಾಯುವಿನ ಪರದೆ, ಚಪ್ಪಟೆಯಾಗಿರುತ್ತದೆ. ಒಂದು ಕಡೆ ನಾರಿನಂಥ ಗೆರೆಗಳೇ ಇಲ್ಲದೆ ಬರೀ ಕಪ್ಪಾಗಿದ್ದು, ದಿಢೀರ್ ಉಸಿರು ಕಟ್ಟುತ್ತಿದ್ದರೆ ಶ್ವಾಸಕೋಶದಿಂದ ಹೊರಬಿದ್ದ ಗಾಳಿ ಅದನ್ನು ಅದುಮಿರಬಹುದು. ಫಿಲ್ಮ್ ನೋಡುತ್ತಾ ನಿಲ್ಲಬೇಡಿ, ತಕ್ಷಣ ಆಸ್ಪತ್ರೆಗೆ ಓಡಿ.

ರಿಪೋರ್ಟಿನಲ್ಲಿ "ಮಾರ್ಕಿಂಗ್ಸ್ ಜಾಸ್ತಿ" (ಶ್ವಾಸಕೋಶದ ಗೆರೆಗಳು ಜಾಸ್ತಿ) ಅಂತ ಇದ್ದರೆ ಅಷ್ಟಕ್ಕೇ ಕಾಯಿಲೆ ಇದೆ ಅಂತಲ್ಲ. "ಫೈಬ್ರೋಸಿಸ್" ಅಂದರೆ ಗಾಯದ ಗುರುತು. ಅದು ಹಳೆಯದೋ ಹೊಸದೋ ಗೊತ್ತಾಗಲು ಹಳೆ ಫಿಲ್ಮೇ ಬೇಕು. ಸುಮ್ನೆ ಸಿಟಿ ಸ್ಕ್ಯಾನ್ ಬರೆದುಕೊಡಿ ಅಂತ ಹಟ ಹಿಡಿಯಬೇಡಿ, ಅದರ ವಿಕಿರಣ ಹತ್ತಾರು ಪಟ್ಟು ಹೆಚ್ಚು. ವಾಟ್ಸ್‌ಆ್ಯಪ್‌ನಲ್ಲಿ ಫಿಲ್ಮಿನ ಫೋಟೋ ಕಳಿಸಿ ಅಭಿಪ್ರಾಯ ಕೇಳುವುದನ್ನೂ ಬಿಡಿ. ಟ್ಯೂಬ್‌ಲೈಟ್ ಹೊಳಪೇ ಅದರಲ್ಲಿ ಕಲೆಯಾಗಿ ಕಾಣುತ್ತದೆ.

ಫಿಲ್ಮನ್ನು ಮಡಚದೆ, ಕವರ್ ಮೇಲೆ ತಾರೀಖು ಬರೆದು, ಹಾಸಿಗೆ ಕೆಳಗೆ ಸಪಾಟಾಗಿ ಇಡಿ. ನಮ್ಮ ದೊಡ್ಡಮ್ಮ ಜಡೆಯ ಫಿಲ್ಮು, ಜಡೆಯಿಲ್ಲದ ಫಿಲ್ಮು ಎರಡನ್ನೂ ಒಂದೇ ಕವರಿನಲ್ಲಿ ಇಟ್ಟಿದ್ದಾರೆ.